ಬೇದಾಣಾ ತಡೆದಿಟ್ಟ ವರ್ಷ

ಮನಿಷಾ ಹುಟ್ಟಿದ್ದು ಉಗಾರ ಬುದ್ರುಕದ ಕಬ್ಬು ಬೆಳೆಯುವ ಮನೆಯಲ್ಲಿ. ಕೊಲ್ಹಾಪುರದಲ್ಲಿ ಅರ್ಥಶಾಸ್ತ್ರ ಓದಿ, ಚಿಕ್ಕೋಡಿಯ ಕಾಲೇಜೊಂದರಲ್ಲಿ ಕೆಲ ವರ್ಷ ಪಾಠ ಹೇಳಿ, ಮದುವೆಯಾಗಿ ಅಥಣಿ ಕಡೆಯ ದ್ರಾಕ್ಷಿ ತೋಟಕ್ಕೆ ಬಂದಳು. ಗಂಡ ಶ್ರೀಪಾಲ ಬಳ್ಳಿ ನೋಡಿಕೊಂಡರೆ, ಹಣ್ಣು ಒಣಗಿಸಿ ಬೇದಾಣಾ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡು ಅವಳದು.

ಆ ವರ್ಷ ಪೇಟೆಗೆ ಚೀನಾದ ಒಣದ್ರಾಕ್ಷಿ ಬಂತು. ಬೇರೆ ದೇಶದ ಹೆಸರು ಹಚ್ಚಿಕೊಂಡು, ಸುಂಕ ತಪ್ಪಿಸಿ ಬಂದದ್ದು ಎಂಬ ಮಾತಿತ್ತು. ದರ ಕುಸಿಯಿತು. ಬೆಳೆಗಾರರು ಕಾಗವಾಡದಲ್ಲಿ ಸಭೆ ಸೇರಿದರು. ಹಿರಿಯ ಬೆಳೆಗಾರ ಅಣ್ಣಾಸಾಬ ಎದ್ದು, "ಚೀನಾದ್ದು ಏನ ಬಂದ್ರೂ ಬಂದ್ ಮಾಡ್ಬೇಕ್ರಿ!" ಎಂದ. ಚಪ್ಪಾಳೆ ಬಿತ್ತು.

"ಕಾಕಾ, ನಿಮ್ಮ ಔಷಧ ಹೊಡಿಯೂ ಪಂಪ ಎಲ್ಲೀದು?" ಎಂದಳು ಮನಿಷಾ. "ಅದೂ ಅಲ್ಲೀದ. ಸೋವಿ ಸಿಕ್ಕಿದ್ದಕ್ಕ ನಮ್ಮ ಖರ್ಚ ಉಳದೈತಿ. ಚಲೋ ಮಾಡಿ ಸೋವಿ ಮಾರಿದ್ರ ಅದು ಸ್ಪರ್ಧೆ. ಸುಂಕ ತಪ್ಪಿಸಿದ್ರ ಕಳವು. ಎರಡೂ ಒಂದ ಅಂದ್ರ ಸರಕಾರ ನಮ್ಮ ಮಾತ ಕೇಳೂದಿಲ್ರಿ."

ಗೊಣಗಾಟವೆದ್ದರೂ ಸರಕಾರಕ್ಕೆ ಕೊಟ್ಟ ಮನವಿಯಲ್ಲಿ ಸುಂಕದ ಮಾತಷ್ಟೇ ಉಳಿಯಿತು. ಅಧಿಕಾರಿಗಳು ಅದನ್ನು ಮೇಲಕ್ಕೆ ಕಳಿಸುತ್ತೇವೆಂದರು. ಉತ್ತರ ಬರುವವರೆಗೆ ಯಾರೂ ಮಾರುವುದು ಬೇಡ, ಮಾಲು ಕೋಲ್ಡ್ ಸ್ಟೋರೇಜಿನಲ್ಲೇ ಇರಲಿ, ಪೇಟೆಗೆ ಬರುವುದು ಕಡಿಮೆಯಾದರೆ ದರ ತಾನಾಗಿ ಏರುತ್ತದೆ ಎಂದು ಅಣ್ಣಾಸಾಬ ಎಲ್ಲರಿಂದ ಮಾತು ತೆಗೆದುಕೊಂಡ.

ಮನಿಷಾ ಅದಕ್ಕೂ ಒಪ್ಪಲಿಲ್ಲ. "ದರ ಏರಿದ ಕೂಡ್ಲೇ ಮೊದಲ ಮಾರಿದಾಂವಗ ಲಾಭ. ಯಾರರ ಒಬ್ರು ಮಾತ ಮುರೀತಾರ. ಮಾಲೆಲ್ಲಾ ಒಂದ ಹೆಸರಿಗೆ ಕೂಡ್ಸಿ, ಒಂದ ಕೈಲೆ ಮಾರೂಣು."

"ನಮ್ಮ ಮಂದಿ ಮ್ಯಾಲ ಇಷ್ಟ ಸಂಶೆ ಬ್ಯಾಡವಾ," ಎಂದು ಅಣ್ಣಾಸಾಬ ನಕ್ಕ.

ದರ ನಿಜಕ್ಕೂ ಸ್ವಲ್ಪ ಏರಿತು. ಒಂದು ಮುಂಜಾನೆ ಮನಿಷಾ ಮಾದರಿ ತರಲು ಕೋಲ್ಡ್ ಸ್ಟೋರೇಜಿಗೆ ಹೋದಾಗ ತಮ್ಮ ಪೆಟ್ಟಿಗೆಗಳಿದ್ದ ಜಾಗ ಖಾಲಿಯಿತ್ತು.

"ಶ್ರೀಪಾಲ ಸಾವಕಾರ್ರು ಮೊನ್ನೆನ ಲಾರಿ ತುಂಬಿಸ್ಯಾರಲ್ರಿ," ಎಂದ ಅಲ್ಲಿನ ಮ್ಯಾನೇಜರ ರಾಜಾರಾಮ. "ನಿಮಗ ಗೊತ್ತಿಲ್ಲೇನ್ರಿ?"

ಮನೆಯಲ್ಲಿ ಶ್ರೀಪಾಲ ಮುಚ್ಚಿಡಲಿಲ್ಲ. "ಯಾರರ ಮುರೀತಾರಂತ ನೀನ ಅಂದಿದ್ದಿ. ಅವರ್ಗಿಂತ ಮೊದಲ ನಾ ಮಾರಿದೆ."

ಅವಳು ತರಗತಿಯಲ್ಲಿ ಬಾರಿಬಾರಿ ವಿವರಿಸಿದ್ದನ್ನೇ ಗಂಡ ಮಾಡಿದ್ದ. ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು. ಮುಂದಿನ ಸಭೆಯಲ್ಲಿ, ಬೇರೆಯವರ ಬಾಯಿಂದ ಬರುವ ಮೊದಲು, ಗಂಡ ಮಾಲು ಮಾರಿದ್ದನ್ನು ಅವಳೇ ಎದ್ದು ಹೇಳಿದಳು. ಹಿಂದಿನ ಸಾಲಿನಿಂದ ಸಂಜಯ ಎಂಬ ಬೆಳೆಗಾರ, ತಾನೂ ಮಾರಿದ್ದೇನೆಂದ. ಆಮೇಲೆ ಇನ್ನೂ ಕೆಲವರು. ಸ್ವಲ್ಪ ದಿನದಲ್ಲೇ ಎಲ್ಲರ ಮಾಲೂ ಪೇಟೆಗೆ ಬಿದ್ದು ದರ ಮತ್ತೆ ಇಳಿಯಿತು.

ಮರುವರ್ಷ ಮನಿಷಾ ಹೇಳಿದಂತೆ ಮಾಲು ಕೂಡಿಸಿ ಮಾರುವ ಸಂಘವಾಯಿತು. ಎಲ್ಲರೂ ಸೇರಲಿಲ್ಲ; ಅಣ್ಣಾಸಾಬ ಸೇರಿದ. ಚೀನಾದ ಮಾಲು ನಿಂತಿರಲಿಲ್ಲ. ಆದರೂ ಸಂಘ ಮಾಲು ವಿಂಗಡಿಸಿ ಮಾರಿದ್ದರಿಂದ, ಒಂದೇ ಗಾತ್ರದ, ಒಂದೇ ಬಣ್ಣದ ಬೇದಾಣಾ ಬೇಕೆನ್ನುವ ಬೇಕರಿಯವರು ಹುಡುಕಿಕೊಂಡು ಬಂದರು. ಉದ್ದನೆಯ ಹಸಿರು ಮಾಲಿಗೆ ಒಳ್ಳೆಯ ದರ ಸಿಕ್ಕಿತು, ಕಂದು ಮಾಲು ಸಿಕ್ಕಷ್ಟಕ್ಕೆ ಹೋಯಿತು. ಶ್ರೀಪಾಲ ಬೆಳೆದದ್ದನ್ನೆಲ್ಲ ಸಂಘಕ್ಕೇ ತಂದ. ಮಾಲು ಇಳಿಸಿದಾಗಲೆಲ್ಲ, ಅವನು ಎದುರಿಗೆ ನಿಂತಿದ್ದರೂ ಅಣ್ಣಾಸಾಬ ಮನಿಷಾಳ ಕಡೆ ತಿರುಗಿ, "ಇವರ್ದು ಮಾಲ ಪೂರ್ತಿ ಬಂತೇನವಾ?" ಎಂದು ಕೇಳುತ್ತಿದ್ದ.