ನಾಲ್ಕನೆಯ ಎಲೆ

ದೆವ್ವ, ಶಕುನ ಎಂಬ ಮಾತು ಬಂದರೆ ಎದ್ದು ಹೋಗುವವನು ನಾನು. ಹಾಗೆ ಎದ್ದು ಹೋಗಲಾಗದ ಒಂದೇ ಒಂದು ಸಂಗತಿ ನನ್ನ ಪಾಲಿಗೆ ಬಂದಿದೆ. ಅದನ್ನು ನೆನೆದರೆ ಈಗಲೂ ಭಯಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದಿಂದ ಎರಡು ಮೈಲಿ ಒಳಗಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಬೆಳಗ್ಗೆ ಲೈನುಮನೆಗಳಲ್ಲಿದ್ದ ಆಳುಗಳ ಹಾಜರಿ ಕೂಗುವುದು, ಯಾರು ಯಾವ ಕಡೆ ಹಣ್ಣು ಕೊಯ್ಯುವ ಪಿಕಿಂಗಿಗೆ ಹೋಗಬೇಕೆಂದು ಹೇಳುವುದು ನನ್ನ ಕೆಲಸ. ಕ್ವಾರ್ಟರ್ಸಿನಲ್ಲಿ ಅವ್ವ ಮತ್ತು ನಾನು ಇಬ್ಬರೇ.

ಅಣ್ಣ ಒಬ್ಬನಿದ್ದ. ಊರವರು ಅವನನ್ನು ತಿರುಬೋಕಿ ಎನ್ನುತ್ತಿದ್ದರು. ಕಳ್ಳನಲ್ಲ, ಕುಡುಕನಲ್ಲ, ಒಂದು ಕಡೆ ನಿಲ್ಲಲಾರ, ಅಷ್ಟೇ. ಶನಿವಾರಸಂತೆಯಲ್ಲಿ ಯಾರದೋ ಗಾಡಿ ಹತ್ತಿದನೆಂದರೆ ಮೂರು ತಿಂಗಳು ಪತ್ತೆಯಿಲ್ಲ. ನಮ್ಮ ಜನವೂ ವಿಚಿತ್ರ. ಕಾವಿ ಉಟ್ಟು ಅಲೆಯುವವನ ಕಾಲಿಗೆ ಬೀಳುತ್ತಾರೆ, ಹರಕು ಕೋಟು ತೊಟ್ಟು ಅಲೆಯುವವನ ಮೇಲೆ ನಾಯಿ ಬಿಡುತ್ತಾರೆ. ಹೊಸಬನನ್ನು ಕಂಡರೆ ಮೊದಲು ಕೇಳುವುದೇ ‘ಯಾವ ಮನೆ’ ಎಂದು. ಮನೆ ಹೆಸರು ಹೇಳದವನು ನಮ್ಮ ಕಣ್ಣಿಗೆ ಮನುಷ್ಯನೇ ಅಲ್ಲ. ಇದನ್ನೆಲ್ಲ ಈಗ ದೊಡ್ಡದಾಗಿ ಹೇಳುತ್ತಿದ್ದೇನೆ. ಆಗ ನಾನೂ ಅವರಲ್ಲೊಬ್ಬ. ಕೊನೆಯ ಸಲ ಅಣ್ಣ ಬಂದಾಗ, “ಮನೇಲಿ ನಿಂತ್ ಇರಿಕೆ ಆದ್ರೆ ಬಾ, ಇಲ್ಲದಿದ್ರೆ ಬರ್ಬೇಡ” ಎಂದವನು ನಾನೇ. ಅವನು ನಕ್ಕು ಹೋದ. ಮತ್ತೆ ಬರಲಿಲ್ಲ.

ಐದು ವರ್ಷ ಕಳೆದ ಮೇಲೆ, ಮೈಸೂರಿನ ಕಡೆಯ ಒಂದು ಛತ್ರದಲ್ಲಿ ಅವನನ್ನು ಹೋಲುವ ಒಬ್ಬ ತೀರಿಕೊಂಡನೆಂದು ಪರಿಚಯದ ಲಾರಿ ಡ್ರೈವರ್ ಸುದ್ದಿ ತಂದ. ನಮ್ಮಲ್ಲಿ ವರ್ಷಕ್ಕೊಮ್ಮೆ ತೀರಿಕೊಂಡ ಹಿರಿಯರಿಗೆ ಎಡೆ ಬಡಿಸುವ ಪದ್ಧತಿ ಇದೆ. ಈ ಸಲ ಅಜ್ಜ, ಅಜ್ಜಿ, ಅಪ್ಪನ ಎಲೆಗಳ ಪಕ್ಕ ಅಣ್ಣನಿಗೂ ಒಂದು ಎಲೆ ಹಾಕೋಣ ಎಂದೆ. ನನಗೆ ಎಡೆಯಲ್ಲಿ ನಂಬಿಕೆಯಿರಲಿಲ್ಲ. ದೂರದ ರಸ್ತೆಯಲ್ಲಿ ಬಸ್ಸಿನ ಸದ್ದಾದಾಗಲೆಲ್ಲ ಅಣ್ಣ ಬಂದನೆಂದು ಅವ್ವ ಅಂಗಳಕ್ಕೆ ಓಡುವುದು ನಿಂತರೆ ಸಾಕಿತ್ತು.

“ಹೆಣ ನೋಡದೆ ಹೆಂಗೆ ಎಡೆ ಇಡ್ದು, ಮಗ?” ಎಂದಳು ಅವ್ವ. ಸತ್ತವನಿಗೆ ಇಡದಿದ್ದರೆ ಅವನು ಅಲ್ಲಿಯೂ ಅಲೆಯುತ್ತಾನೆ, ಬದುಕಿರುವವನಿಗೆ ಇಟ್ಟರೆ ಅವನ ಆಯುಸ್ಸು ಮುಗಿಯುತ್ತದೆ ಎಂಬುದು ಅವಳ ಹೆದರಿಕೆ. ಎರಡು ದಿನ ಅತ್ತಳು. ನಾನು ಹಟ ಬಿಡಲಿಲ್ಲ.

ಎಡೆಗೆಂದು ಗೊತ್ತು ಮಾಡಿದ ಭಾನುವಾರ ಮಧ್ಯಾಹ್ನ ಒಳಕೋಣೆಯಲ್ಲಿ ನಾಲ್ಕು ಎಲೆ ಹಾಕಿ, ಅನ್ನ, ಕೋಳಿಸಾರು ಬಡಿಸಿ, ದೀಪ ಹಚ್ಚಿ, ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಜಗಲಿಯಲ್ಲಿ ಕುಳಿತೆವು. ಆ ಕೋಣೆಗೆ ಇದ್ದದ್ದು ಅದೊಂದೇ ಬಾಗಿಲು. ಕಿಟಕಿಯನ್ನು ನಾನೇ ಮುಚ್ಚಿದ್ದೆ.

ಆಗ ಅಂಗಳಕ್ಕೆ ಒಬ್ಬ ಅಲೆಮಾರಿ ಬಂದ. ಮುದುಕ, ಭುಜದಲ್ಲಿ ಒಂದು ಗಂಟು, ಕಾಲಿನ ತುಂಬ ಕೆಂಪು ಧೂಳು. ಅಣ್ಣನ ಹೋಲಿಕೆ ಸ್ವಲ್ಪವೂ ಇರಲಿಲ್ಲ.

“ನಿಮ್ಮದ್ ಯಾವ ಮನೆ?” ಎಂದು ಕೇಳಿದಳು ಅವ್ವ. ಅವನು ಮುಚ್ಚಿದ ಬಾಗಿಲ ಕಡೆ ನೋಡಿ, “ಒಳಗೆ ನಾಲ್ಕು ಎಲೆ ಹಾಕಿದ್ದೀರಿ. ಒಂದು ಜಾಸ್ತಿ ಆಯ್ತಮ್ಮ” ಎಂದ.

ನನಗೆ ಮೈ ಉರಿಯಿತು. “ತಿರಿದು ತಿನ್ನುವವನಿಗೆ ನಮ್ಮ ಮನೆ ಎಲೆ ಲೆಕ್ಕ ಯಾಕೆ?” ಎಂದು ಗದರಿದೆ. ಅವನು ಕೋಪಿಸಿಕೊಳ್ಳಲಿಲ್ಲ. ಊಟ ಮಾಡಿ ಹೋಗಿ ಎಂದು ಅವ್ವ ಕೈ ಮುಗಿದರೂ ನಿಲ್ಲದೆ ಇಳಿದು ಹೋದ.

ಅವ್ವ ಎದ್ದು ಬಾಗಿಲು ತೆಗೆದಳು. ಮೂರು ಎಲೆಗಳು ಹಾಕಿದಂತೆಯೇ ಇದ್ದವು. ಅಣ್ಣನ ಎಲೆ ಮಾತ್ರ, ಉಂಡೆದ್ದವರು ಮಡಚುವ ಹಾಗೆ, ನೀಟಾಗಿ ಮಡಚಿತ್ತು.

ಬಿಡಿಸಿ ನೋಡಿದೆ. ಅನ್ನ, ಸಾರು ಹಾಗೇ ಇದ್ದವು. ಇದರಿಂದಲಾದರೂ ಏನು ತಿಳಿಯಿತು? ಹಿರಿಯರು ಉಂಡರೂ ಎಡೆ ಕಡಿಮೆಯಾಗುವುದಿಲ್ಲವಲ್ಲ. ಉಂಡು ಮಡಚಿದ್ದರೆ ಅಣ್ಣ ಸತ್ತಿದ್ದಾನೆ. ಬೇಡವೆಂದು ಮಡಚಿದ್ದರೆ ಬದುಕಿದ್ದಾನೆ. ಬೆಕ್ಕು ಎನ್ನೋಣವೆಂದರೆ, ಕೋಳಿ ಬಿಟ್ಟು ಎಲೆ ಮಡಚುವ ಬೆಕ್ಕನ್ನು ನಾನು ಕಂಡಿಲ್ಲ.

ಮುದುಕನ ಹಿಂದೆ ಓಡಿದೆ. ಎಸ್ಟೇಟಿನಿಂದ ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ. ಗೇಟಿನ ವಾಚ್‌ಮನ್ ಮಲಯಾಳಿ. “ಬೆಳಗ್ಗೆಯಿಂದ ಯಾರೂ ಬಂದಿಲ್ಲ, ಯಾರೂ ಹೋಗಿಲ್ಲ ರೈಟರೇ” ಎಂದ. ಸುಂಟಿಕೊಪ್ಪದ ಹೋಟೆಲು, ಬಸ್ ನಿಲ್ಲುವ ಜಾಗ ಎಲ್ಲ ಕಡೆ ಕೇಳಿದೆ. ಆಮೇಲೆ ವಾರಗಟ್ಟಲೆ ರಜೆ ಸಿಕ್ಕಾಗಲೆಲ್ಲ ಗೋಣಿಕೊಪ್ಪಲಿನ ತನಕ ಹುಡುಕಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಒಂದು ಮಾತು ಹೇಳಿ ಹೋಗುವ ಬದಲು, ಇದ್ದಾನೆ ಅಥವಾ ಇಲ್ಲ ಎಂದು ಅವನು ಹೇಳಬಹುದಿತ್ತು. ನನ್ನ ಅಣ್ಣನೂ ಹಾಗೆಯೇ. ಯಾವುದನ್ನೂ ನೆಟ್ಟಗೆ ಹೇಳಿದವನಲ್ಲ.

ಅವ್ವ ಮಾತ್ರ ತೀರ್ಮಾನಿಸಿಬಿಟ್ಟಳು. “ಅಂವ ಬೇಡಾಂತ ಮಡ್ಚಿದ್ದ್” ಎಂದಳು. ಅಂದಿನಿಂದ ಬಾಗಿಲಿಗೆ ಬಂದ ಯಾವ ತಿರುಬೋಕಿಯನ್ನೂ ಉಣ್ಣಿಸದೆ ಕಳಿಸಲಿಲ್ಲ. ಯಾವ ಮನೆ ಎಂದು ಯಾರನ್ನೂ ಕೇಳಲಿಲ್ಲ. ಬಸ್ಸಿನ ಸದ್ದಿಗೆ ಓಡುವುದು ಮೊದಲಿಗಿಂತ ಹೆಚ್ಚಾಯಿತು. ಅದನ್ನು ನಿಲ್ಲಿಸಲೆಂದೇ ಎಡೆಗೆ ಹಟ ಹಿಡಿದವನು ನಾನು.

ಒಂಬತ್ತು ವರ್ಷದ ಮೇಲೆ ಅವ್ವನೂ ತೀರಿಕೊಂಡಳು. ಅವಳಿಗೆ ಮೊದಲ ಸಲ ಎಡೆ ಬಡಿಸಿದ ದಿನ, ಪಕ್ಕದಲ್ಲಿ ಅಣ್ಣನಿಗೆ ಎಲೆ ಹಾಕಲೇ, ಬೇಡವೇ ಎಂದು ತುಂಬಾ ಹೊತ್ತು ನಿಂತಿದ್ದೆ. ಕೇಳಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಕೊನೆಗೆ ಹಾಕಲಿಲ್ಲ. ಬದುಕಿರುವ ಅಣ್ಣನನ್ನು ಕಾಪಾಡಿದೆನೋ, ಅವ್ವನ ಪಕ್ಕ ಉಣ್ಣಲು ಬಂದವನನ್ನು ಎರಡನೆಯ ಸಲ ಮನೆಯಿಂದ ಆಚೆ ಕಳಿಸಿದೆನೋ, ನನಗೆ ಗೊತ್ತಿಲ್ಲ.