ರೆಡೊಂಡೊ ಬೀಚಿನ ದೊರೆ

ಕಳೆದ ಭಾನುವಾರ ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿರುವ ನಮ್ಮ ಮನೆಯಲ್ಲಿ ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುತ್ತಿದ್ದೆ. ಸಣ್ಣಗೆ ಹೆಚ್ಚಿದ ಸಿಪ್ಪೆ ನೀರಿನಲ್ಲಿ ಬೇಯುತ್ತಿತ್ತು. ಹುಣಸೆಹಣ್ಣು, ಬೆಲ್ಲ, ಖಾರದಪುಡಿ ಇನ್ನೂ ಬಿದ್ದಿರಲಿಲ್ಲ. ಆ ಗಳಿಗೆಯ ಆವಿಗೆ ಒಂದು ಬಗೆಯ ಕಹಿ ಘಮ. ಮಸಾಲೆ ಸೇರಿತೆಂದರೆ ಅದು ನಮ್ಮೂರಿನ ಅಡುಗೆಯಾಗಿಬಿಡುತ್ತದೆ. ಅದಕ್ಕೂ ಮುಂಚೆ ಸ್ವಲ್ಪ ಹೊತ್ತು ಮಾತ್ರ ಅದು ಇನ್ನೊಬ್ಬರ ಅಡುಗೆಮನೆಯ ವಾಸನೆ. ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ರೆಡೊಂಡೊ ಬೀಚಿನ ಆ ಹಳೆಯ ಮನೆ, ಮೊಣಕೈ ಹರಿದ ಸ್ವೆಟರು, ಒಲೆಯ ಮುಂದೆ ಬಗ್ಗಿ ನಿಂತ ಆ ಎತ್ತರದ ಮುದುಕರು... ನಮ್ಮ ದೊರೆ.

ಎರಡು ಸಾವಿರದ ಒಂಬತ್ತರಲ್ಲಿ ನಾನು ಮಂಡ್ಯದಿಂದ ಲಾಸ್ ಏಂಜಲೀಸಿಗೆ ಓದಲು ಬಂದೆ. ಜೊತೆಗೆ ಸಿಕ್ಕವಳು ಧಾರವಾಡದ ಗಿರಿಜಾ. ಕಾಲೇಜಿನ ಹತ್ತಿರದ ಬಾಡಿಗೆ ನಮಗೆ ಎಟುಕುವಂತಿರಲಿಲ್ಲ. ಗಿರಿಜಾಳ ಬಳಿ ಒಂದು ಮುದಿ ಕಾರು ಇದ್ದುದರಿಂದ ದೂರವಾದರೂ ಸರಿಯೆಂದು ರೆಡೊಂಡೊ ಬೀಚ್ ಎಂಬ ಕಡಲತೀರದ ಊರಿನಲ್ಲಿ ಒಂದು ಮನೆಯ ಹಿಂಭಾಗವನ್ನು ಹಿಡಿದೆವು. ಮುಂಭಾಗದಲ್ಲಿ ಮನೆಯ ಮಾಲೀಕರು ಒಬ್ಬರೇ ಇದ್ದರು. ಎಪ್ಪತ್ತು ದಾಟಿದ ಐರ್ಲೆಂಡಿನವರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಸ್ಯಾನ್ ಡಿಯಾಗೋದಲ್ಲಿ ಶಾಲೆಯ ಟೀಚರ್.

ಅವರು ಬಡಗಿ. ಅದೂ ಸಾಮಾನ್ಯ ಬಡಗಿಯಲ್ಲ, ಸಿನಿಮಾಗಳಿಗೆ ಸೆಟ್ ಕಟ್ಟುತ್ತಿದ್ದವರು. ಜೀವಮಾನವೆಲ್ಲ ಪ್ಲೈವುಡ್ಡಿನಲ್ಲಿ ಅರಮನೆ ಕಟ್ಟಿ, ಅದಕ್ಕೆ ಅಮೃತಶಿಲೆಯ ಬಣ್ಣ ಬಳಿದು, ಶೂಟಿಂಗ್ ಮುಗಿದ ಮೇಲೆ ಬಿಚ್ಚಿಹಾಕಿದವರು. ಹೆಂಡತಿ ಅದೇ ಸ್ಟುಡಿಯೋದಲ್ಲಿ ರಾಜರಾಣಿಯರ ಉಡುಪು ಹೊಲಿಯುತ್ತಿದ್ದರಂತೆ. "ನಾನು ಗೋಡೆ ಕಟ್ತಿದ್ದೆ, ಅವಳು ಒಳಗೆ ಇರೋರನ್ನ ತಯಾರು ಮಾಡ್ತಿದ್ದಳು" ಎಂದು ಹೇಳಿಕೊಂಡು ನಗುತ್ತಿದ್ದರು.

ಹಿತ್ತಲಲ್ಲಿ ಒಂದು ಕಿತ್ತಳೆ ಮರ. ಅವರಿಗೆ ಮಾರ್ಮಲೇಡ್ ಎಂಬ ಕಹಿಸಿಹಿ ಜಾಮ್ ಮಾಡಲು ಸಿಪ್ಪೆ ಬೇಕು, ನನಗೆ ಗೊಜ್ಜಿಗೆ ಸಿಪ್ಪೆ ಬೇಕು. ತೊಳೆ ಯಾರಿಗೂ ಬೇಡ. ಅವನ್ನೆಲ್ಲ ಗಿರಿಜಾ ತಿನ್ನಬೇಕು. "ಏನ್ ಜನಾ ಅದೀರಿ! ಹಣ್ಣ ಬಿಟ್ಟು ಸಿಪ್ಪಿಗೆ ಜಗಳಾಡತೀರಿ" ಎಂದು ಗೊಣಗುತ್ತಲೇ ಬಟ್ಟಲು ಖಾಲಿ ಮಾಡುತ್ತಿದ್ದಳು. ಒಂದೇ ಒಲೆಯ ಮೇಲೆ ಅಕ್ಕಪಕ್ಕ ಎರಡು ಪಾತ್ರೆ ಕುದಿಯುತ್ತಿದ್ದವು. ಗೊಜ್ಜನ್ನು ಮೊದಲ ಸಲ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದ ಅವರು ಕಣ್ಣಲ್ಲಿ ನೀರು ಬಂದರೂ ಬಿಡದೆ ಇನ್ನೊಂದು ಚೂರಿಗೂ ಹಚ್ಚಿಕೊಂಡಿದ್ದರು.

ದೊರೆ ಎಂಬ ಹೆಸರಿಟ್ಟವಳು ಗಿರಿಜಾಳೇ. ಹರಿದ ಬಟ್ಟೆಯಲ್ಲೂ ಅವರ ನಡಿಗೆಯಲ್ಲಿ ಒಂದು ಗತ್ತು ಇತ್ತು. ಕಸದ ಡಬ್ಬಿಯನ್ನು ಬೀದಿಗೆ ತಳ್ಳಿಕೊಂಡು ಹೋಗುವಾಗಲೂ ಎದೆ ಸೆಟೆಸಿಕೊಂಡೇ ಹೋಗುತ್ತಿದ್ದರು. "ನೋಡಲೇ, ನಮ್ಮ ದೊರಿ ಹೊಂಟಾರ. ಸ್ವೆಟರ್ ಹರದೈತಿ, ಆದ್ರ ಠೀವಿ ನೋಡು!" ಎಂದು ಕಿಟಕಿಯಿಂದ ತೋರಿಸುತ್ತಿದ್ದಳು. ಒಂದು ದಿನ ಅವರೇ ಕೇಳಿದರು, "ನೀವಿಬ್ಬರೂ ನನ್ನನ್ನ ಏನೋ ಅಂತ ಕರೀತೀರಲ್ಲ, ಏನದು?"

"ಲಾರ್ಡ್ ಅಂತ ಅರ್ಥ, ಸರ್" ಎಂದಳು ಗಿರಿಜಾ, ಸ್ವಲ್ಪ ಅಳುಕಿಕೊಂಡೇ.

ಅವರು ನಕ್ಕರು ನೋಡಿ... ಮೆಟ್ಟಿಲ ಮೇಲೆ ಕುಸಿದು ಕುಳಿತು, ಸ್ವೆಟರಿನ ತೋಳಿನಲ್ಲಿ ಕಣ್ಣೊರೆಸಿಕೊಂಡು, ಉಸಿರು ಸಿಕ್ಕಿದ ಮೇಲೆ ಮತ್ತೆ ನಕ್ಕರು. "ಹಾಗೇ ಕರೀರಿ, ಹಾಗೇ ಕರೀರಿ. ನಮ್ಮಣ್ಣನಿಗೆ ಗೊತ್ತಾದ್ರೆ ಕೋಪ ಮಾಡ್ಕೋತಾನೆ, ಅಷ್ಟೆ." ಅಣ್ಣನಿಗೇಕೆ ಕೋಪ ಬರಬೇಕೆಂದು ನಮಗೆ ತಿಳಿಯಲಿಲ್ಲ.

ತಿಳಿದದ್ದು ಮೂರು ವರ್ಷಗಳ ಮೇಲೆ. ಓದು ಮುಗಿದು ಇಬ್ಬರಿಗೂ ಕೆಲಸ ಸಿಕ್ಕಿದ್ದರೂ ನಾವು ಆ ಮನೆ ಬಿಟ್ಟಿರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಅವರ ಮಗಳ ಕಾರು ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ದೊರೆಯೇ ನಮ್ಮ ಬಾಗಿಲು ತಟ್ಟಿದರು. ಕಣ್ಣು ಕೆಂಪಾಗಿತ್ತು. "ನಮ್ಮಣ್ಣ ಹೋಗಿಬಿಟ್ಟ" ಎಂದರು. ಆಮೇಲೆ, ತಮಗೇ ನಂಬಿಕೆಯಿಲ್ಲದವರ ಹಾಗೆ, "ನೀವು ಕರೀತಿದ್ದ ಹೆಸರು ಇವತ್ತಿನಿಂದ ನಿಜ ಆಗಿದೆ" ಎಂದರು.

ನಮ್ಮ ಚಿಕ್ಕ ಅಡುಗೆಮನೆಯಲ್ಲಿ ಕುಳಿತು ಅವರು ತಮ್ಮ ಕಥೆ ಹೇಳಿದರು. ತಲೆತಲಾಂತರದ ಜಮೀನ್ದಾರಿ ಮನೆತನ, ತಂದೆ ಲಾರ್ಡ್. ನಲವತ್ತು ಕೋಣೆಗಳ ಮನೆಯಂತೆ, ಆದರೆ ಚಳಿಗಾಲದಲ್ಲಿ ಬೆಚ್ಚಗಿರುತ್ತಿದ್ದದ್ದು ಅಡುಗೆಮನೆಯೊಂದೇ. ಪದವಿ, ಮನೆ, ಭೂಮಿ ಎಲ್ಲವೂ ಹಿರಿಯ ಮಗನಿಗೆ. ಇವರು ಎರಡನೆಯವರು. ಎರಡನೆಯವನು ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸೋರುವ ಸೂರನ್ನು ವರ್ಷವಿಡೀ ರಿಪೇರಿ ಮಾಡುತ್ತಿದ್ದ ಎಸ್ಟೇಟಿನ ಬಡಗಿಯ ಹಿಂದೆ ಮುಂದೆ ಸುತ್ತಿ ಕೆಲಸ ಕಲಿತರು. ಇಪ್ಪತ್ತೆರಡಕ್ಕೆ ಮನೆ ಬಿಟ್ಟು ಹೊರಟರು. ಅಣ್ಣನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಮದುವೆಯಾಗದೆ ಆ ಮನೆಯನ್ನು ಕಾಯುತ್ತ ಕುಳಿತ ಅಣ್ಣ ಪ್ರತಿ ಕ್ರಿಸ್‌ಮಸ್‌ಗೆ ಫೋನು ಮಾಡಿ, ಈ ವರ್ಷ ಯಾವ ಕೋಣೆಯ ಸೂರು ಬಿತ್ತೆಂದು ಹೇಳುತ್ತಿದ್ದನಂತೆ. "ಪಾಪ, ಆ ಮನೆಯಲ್ಲಿ ಅವನೇ ಬಾಡಿಗೆಯವನ ಹಾಗೆ ಬದುಕಿದ" ಎಂದು ತಲೆ ತಗ್ಗಿಸಿದರು.

ಮಗಳಿಗೆ ನಗಬೇಕೋ ರೇಗಬೇಕೋ ಗೊತ್ತಾಗಲಿಲ್ಲ. "ಅಪ್ಪ ಲಾರ್ಡ್ ಆದ್ರಂತೆ. ಆದ್ರೆ ನಾನು ಹೆಣ್ಣು, ಅವರ ನಂತರ ಪದವಿ ನನಗೆ ಬರಲ್ವಂತೆ. ಸೋರೋ ಮನೆ ಮಾತ್ರ ನನ್ನದಂತೆ!"

"ಎಲ್ಲಾ ಕಡೆ ಇದ ಹಣೇಬರಾ ನೋಡು" ಎಂದು ಗಿರಿಜಾ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದಳು.

ಆ ಮೇಲಿನ ವಾರಗಳಲ್ಲಿ ದೊರೆ ಹಿತ್ತಲಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಒಂದು ಕಂಪನಿ ಐರ್ಲೆಂಡಿನ ಮನೆ, ಭೂಮಿ ಎಲ್ಲವನ್ನೂ ಕೊಂಡು ಹೋಟೆಲು, ಗಾಲ್ಫ್ ಮೈದಾನ ಮಾಡುತ್ತೇವೆಂದು ಕೇಳುತ್ತಿತ್ತು. ಮಾರಿಬಿಡಿ, ಈ ವಯಸ್ಸಿನಲ್ಲಿ ನಿಮಗೇಕೆ ಇದೆಲ್ಲ ಎಂದು ಮಗಳೂ ಹೇಳಿದಳು. ಅವರನ್ನು ಕೊರೆಯುತ್ತಿದ್ದದ್ದು ಮನೆಯ ಸುತ್ತಲಿನ ಹುಲ್ಲುಗಾವಲು. ಅಕ್ಕಪಕ್ಕದ ಕೆಲವು ಕುಟುಂಬಗಳು ತಾತ ಮುತ್ತಾತಂದಿರ ಕಾಲದಿಂದ ಅಲ್ಲಿ ದನ ಮೇಯಿಸುತ್ತಿದ್ದವು. ಪ್ರತಿ ವರ್ಷ ಹನ್ನೊಂದು ತಿಂಗಳ ಕರಾರು. ಹನ್ನೆರಡಾದರೆ ಹಕ್ಕು ಬಂದುಬಿಡುತ್ತದೆಂಬ ಭಯಕ್ಕೆ ಹನ್ನೊಂದು.

"ಬೆಂಗಳೂರಲ್ಲಿ ಮನೆ ಬಾಡಿಗೆ ಕರಾರೂ ಹನ್ನೊಂದು ತಿಂಗಳದ್ದೇ" ಎಂದೆ ನಾನು. ಅವರಿಗೆ ಬಲು ಅಚ್ಚರಿ. ಅವತ್ತು ಊಟಕ್ಕೆ ನಮ್ಮಲ್ಲೇ ಕುಳಿತಿದ್ದರು. ಮಾತಿಗೆ ಮಾತು ಬಂದು, ನಮ್ಮ ತಾತನೂ ಗೇಣಿಗೆ ಉಳುತ್ತಿದ್ದವರು, ಬೆಳೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಡೆಯರ ಮನೆಗೆ ಹೊರುತ್ತಿದ್ದವರು, ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದ ಮೇಲೆ ಆ ಹೊಲ ಅವರದಾಯಿತು ಎಂದು ಹೇಳಿದೆ.

ದೊರೆ ಚಮಚ ಕೆಳಗಿಟ್ಟರು. "ಹೊಲ ತನ್ನದಾದ ದಿನ ನಿಮ್ಮ ತಾತ ಏನು ಮಾಡಿದರು?"

ಅದು ನಮ್ಮ ಮನೆಯಲ್ಲಿ ಅಜ್ಜಿ ಮತ್ತೆ ಮತ್ತೆ ಹೇಳುತ್ತಿದ್ದ ಕಥೆ. ಅವತ್ತು ಊರಿನವರೆಲ್ಲ ತಾತ ಕೋಳಿ ಕೂಗುವ ಮುಂಚೆಯೇ ಹೊಲಕ್ಕೆ ಓಡುತ್ತಾರೆಂದು ಎಣಿಸಿದ್ದರು. ತಾತ ಬಿಸಿಲೇರುವವರೆಗೆ ಮಲಗಿದ್ದು, ಎದ್ದು ಜಗಲಿಯ ಮೇಲೆ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಂಡರು. ಹೊಲಕ್ಕೆ ಹೋಗಲ್ವಾ ಎಂದು ಅಜ್ಜಿ ಕೇಳಿದ್ದಕ್ಕೆ, "ಇವತ್ ವೋಗಾಕಿಲ್ಲ ಕಣಮ್ಮಿ. ನನ್ನೊಲ, ನನ್ನಿಷ್ಟ!" ಎಂದರಂತೆ.

ದೊರೆ ಮೇಜು ಕುಟ್ಟಿ ನಕ್ಕರು. ಆ ಮಾತನ್ನು ಕನ್ನಡದಲ್ಲೇ ಹೇಳಿಕೊಡಿ ಎಂದು ಹಟ ಹಿಡಿದು ಕಲಿತರು. ಏಳುವಾಗ ಮಾತ್ರ ಬಾಗಿಲ ಬಳಿ ನಿಂತು, "ಆ ಹೊಲದ ಒಡೆಯರಿಗೆ ಅವತ್ತು ಹೇಗಾಗಿರಬೇಕು?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಆ ಕಥೆಯನ್ನು ಯಾರೂ ಹೇಳುತ್ತಿರಲಿಲ್ಲ.

ಶಾಲೆಗೆ ರಜೆ ಬಂದಾಗ ಅಪ್ಪ ಮಗಳು ಐರ್ಲೆಂಡಿಗೆ ಹೋದರು. ಎರಡು ತಿಂಗಳಾದ ಮೇಲೆ ಮರಳಿದಾಗ ಗುರುತೇ ಸಿಗದಷ್ಟು ಬದಲಾಗಿದ್ದವಳು ಮಗಳು. ನಮ್ಮ ಮೇಜಿಗೆ ಕುಳಿತು ಒಂದೇ ಉಸಿರಿನಲ್ಲಿ ಹೇಳತೊಡಗಿದಳು. ಹೋಟೆಲಿನವರಿಗೆ ಮಾರುವುದಿಲ್ಲವೆಂದು ಅಪ್ಪ ಹೇಳಿಬಿಟ್ಟರು. ಹುಲ್ಲುಗಾವಲನ್ನು ಅದನ್ನು ಮೇಯಿಸುತ್ತಿದ್ದವರ ಹೆಸರಿಗೇ ಮಾಡಿಸಿದರು. ಲಾಯರು ಎರಡೆರಡು ಸಲ ಕೇಳಿದರಂತೆ, ಯೋಚನೆ ಮಾಡಿದ್ದೀರಾ ಎಂದು. ಮಾರನೆಯ ಬೆಳಿಗ್ಗೆ ಅಪ್ಪ ಊರಿಗೆಲ್ಲ ನಿಮ್ಮ ತಾತನ ಕಥೆ ಹೇಳಿ, ಇವತ್ತು ಯಾರೂ ಕೆಲಸ ಮಾಡಕೂಡದು ಎಂದು ಎಲ್ಲರನ್ನೂ ಬೇಲಿಯ ಮೇಲೆ ಸಾಲಾಗಿ ಕೂರಿಸಿದರು. ಎಂಬತ್ತು ದಾಟಿದ ಒಬ್ಬ ಮುದುಕ ಮಾತ್ರ ಕೂರಲಿಲ್ಲ. ಗೇಟಿಗೆ ಒರಗಿ, ಹುಟ್ಟಿದಾಗಿನಿಂದ ಕಂಡ ಹುಲ್ಲನ್ನೇ ಹೊಸದಾಗಿ ನೋಡುವವನ ಹಾಗೆ ನೋಡುತ್ತ ನಿಂತಿದ್ದ...

"ಮತ್ತೆ ಮನೆ?" ಎಂದೆ.

ಅವಳು ಅಪ್ಪನ ಮುಖ ನೋಡಿದಳು. "ಮನೆ ನನಗೆ ಬೇಕು" ಎಂದಳು. ತೋಟದ ಹಳೆಯ ಗೋಡೆ, ಕೆರೆಯ ಕಡೆಗೆ ತೆರೆಯುವ ಕಿಟಕಿ, ಎಲ್ಲವೂ ಅವಳಿಗೆ ಹಿಡಿಸಿಬಿಟ್ಟಿದ್ದವು. ಅಲ್ಲಿ ಮಕ್ಕಳು ಬಂದು ಇದ್ದು ಕಲಿಯುವ ಒಂದು ಶಾಲೆ ಮಾಡಬೇಕೆಂದು ಅವಳ ಆಸೆ. "ಆದ್ರೆ ಸೂರು ಸರಿ ಮಾಡೋಕೆ ಒಬ್ಬ ಬಡಗಿ ಬೇಕು. ನನಗೆ ಗೊತ್ತಿರೋದು ಒಬ್ಬರೇ."

ಎಪ್ಪತ್ತೈದರ ದೊರೆ ಹುಡುಗನ ಹಾಗೆ ಕೆಂಪಾದರು. ಹಿರಿಯ ಮಗನಿಗೆ ಸೇರಿದ ಮನೆಯೆಂದು ಬಿಟ್ಟುಬಂದವರು ಮಗಳ ಮನೆಯ ಕೆಲಸದವರಾಗಿ ಹೊರಟು ನಿಂತರು. ಅವರ ಮುಖದಲ್ಲಿ ನಾನು ಅಷ್ಟು ಸಂತೋಷವನ್ನು ಕಂಡದ್ದು ಅದೇ ಮೊದಲು.

ಹಾಗೇ ಕಳಿಸುವುದುಂಟೇ? ಪಟ್ಟಾಭಿಷೇಕ ಆಗಲೇಬೇಕೆಂದು ಗಿರಿಜಾ ಸಾರಿದಳು. ಅವರ ಜೊತೆ ಸೆಟ್ ಕಟ್ಟುತ್ತಿದ್ದ ಹಳೆಯ ಗೆಳೆಯರು ಊರುಗೋಲು ಊರಿಕೊಂಡು, ಪ್ಲೈವುಡ್ಡು ಬಣ್ಣ ಹೊತ್ತುಕೊಂಡು ಬಂದರು. ಹಿತ್ತಲಲ್ಲಿ ಎರಡೇ ದಿನದಲ್ಲಿ ಬುರುಜುಗಳಿರುವ ಅರಮನೆಯೊಂದು ಎದ್ದಿತು. ಡೈಮಂಡ್ ಬಾರ್ ಎಂಬ ಊರಿನ ಒಬ್ಬ ಕನ್ನಡದ ಆಂಟಿ ಮಗನ ಮದುವೆಗೆಂದು ತರಿಸಿದ್ದ ಮೈಸೂರು ಪೇಟವನ್ನು ಕೊಟ್ಟರು. ದೊರೆಯ ತಲೆ ದೊಡ್ಡದು. ಪೇಟ ನೆತ್ತಿಯ ಮೇಲೆ ಹಕ್ಕಿಯ ಹಾಗೆ ಕುಳಿತಿತು. ಬಿಸಿಬೇಳೆಬಾತ್, ಚಿರೋಟಿ, ಅವರದೇ ಮಾರ್ಮಲೇಡ್ ಹಚ್ಚಿದ ಬ್ರೆಡ್ಡು. ಗಿರಿಜಾ ಆರತಿ ಎತ್ತಿದಳು. ನಾವೆಲ್ಲ "ಬಹುಪರಾಕ್! ಬಹುಪರಾಕ್!" ಎಂದು ಕೂಗುತ್ತಿದ್ದಂತೆ ಸಮುದ್ರದ ಕಡೆಯಿಂದ ಒಂದು ಗಾಳಿ ಬೀಸಿತು. ಅರಮನೆ ಒಂದು ಸಲ ತೂಗಿ, ನಿಧಾನವಾಗಿ ಹಿಂದಕ್ಕೆ ಒರಗಿ, ಧಡಾರನೆ ಬಿತ್ತು.

ದೊರೆ ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ತಿರುಗಿ ನೋಡಿ, "ಹೆದರಬೇಡಿ. ನಮ್ಮ ವಂಶದ ಮನೆ ಬೀಳ್ತಿರೋದು ಇದೇ ಮೊದಲೇನಲ್ಲ" ಎಂದರು. ಆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅವರ ಮಗಳು ಆರತಿ ತಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟಿದ್ದಳು.

ಅವರು ಹೋದ ಮೇಲೆ ನಾನು ಮದುವೆಯಾಗಿ ಸ್ಯಾನ್ ಡಿಯಾಗೋಗೆ ಬಂದೆ. ಗಿರಿಜಾ ಬೇರೆ ಊರಿಗೆ ಹೋದಳು. ದೊರೆ ಭಾನುವಾರಗಳಲ್ಲಿ ಫೋನು ಮಾಡುತ್ತಿದ್ದರು. ಇವತ್ತು ಈ ಕೋಣೆಯ ಸೂರು ಮುಗೀತು, ಇವತ್ತು ಆ ಕೋಣೆಯದು... ಶಾಲೆಗೆ ಮೊದಲ ಮಕ್ಕಳು ಬಂದ ದಿನ ಫೋನನ್ನು ಕಿಟಕಿಗೆ ಹಿಡಿದು ಅವರ ಗಲಾಟೆ ಕೇಳಿಸಿದ್ದರು. ಏಣಿ ಹತ್ತಬೇಡಿ ಎಂದು ಮಗಳು ಬೈದರೆ, ನನ್ನ ಹತ್ತಿರ "ನನ್ನೊಲ, ನನ್ನಿಷ್ಟ" ಎಂದು ಕನ್ನಡದಲ್ಲಿ ದೂರು ಹೇಳುತ್ತಿದ್ದರು. ಬಾ, ನೋಡಿಕೊಂಡು ಹೋಗು ಎಂದು ಪ್ರತಿ ಸಲವೂ ಕರೆದರು. ನಮ್ಮ ಗ್ರೀನ್ ಕಾರ್ಡಿನ ಕಾಗದಗಳು ನಡೆಯುತ್ತಿದ್ದವು. ದೇಶ ಬಿಟ್ಟು ಹೋಗುವ ಹಾಗಿರಲಿಲ್ಲ. ಅದಕ್ಕೇನಂತೆ ಎಂದು ಅವರೇ ಸಮಾಧಾನ ಹೇಳುತ್ತಿದ್ದರು.

ಈ ವರ್ಷದ ಆರಂಭದಲ್ಲಿ ಮಗಳ ಫೋನು ಬಂತು. ಊಟ ಮಾಡಿ, ಬೆಂಕಿಯ ಮುಂದೆ ಕುರ್ಚಿಯಲ್ಲಿ ಒರಗಿದ್ದವರು ಏಳಲಿಲ್ಲವಂತೆ. ದನ ಮೇಯಿಸುವ ಕುಟುಂಬಗಳವರೇ ಶವಪೆಟ್ಟಿಗೆಯನ್ನು ಹೊತ್ತರಂತೆ. ಲಾರ್ಡ್ ಪದವಿ ಅವರೊಂದಿಗೇ ಮುಗಿಯಿತು. "ಅದರಿಂದ ಯಾರಿಗೂ ಏನೂ ನಷ್ಟ ಆಗ್ಲಿಲ್ಲ. ಅಪ್ಪ ಇಲ್ಲದ್ದು ಮಾತ್ರ..." ಎಂದು ಅವಳು ನಿಲ್ಲಿಸಿದಳು.

ಈಗ ಕಾರ್ಡು ಬಂದಿದೆ. ಬೇಸಿಗೆಗೆ ಐರ್ಲೆಂಡಿಗೆ ಟಿಕೆಟ್ ಬುಕ್ ಮಾಡಿದ್ದೇವೆ. ಕಾಣದ ಆ ಮನೆ ನನಗೆ ಕಣ್ಣಿಗೆ ಕಟ್ಟಿದಂತಿದೆ: ಯಾವ ಮೆಟ್ಟಿಲು ಕಿರುಗುಟ್ಟುತ್ತದೆ, ಯಾವ ಕಿಟಕಿಯಿಂದ ಕೆರೆ ಕಾಣುತ್ತದೆ, ಯಾವ ಕೋಣೆಯಲ್ಲಿ ಈಗ ಮಕ್ಕಳು ಮಲಗುತ್ತಾರೆ. ಮಗಳು ಬಾಗಿಲು ತೆರೆದು ಒಳಗೆ ಕರೆಯುತ್ತಾಳೆ, ಮನೆಯೆಲ್ಲ ತೋರಿಸುತ್ತಾಳೆ. ಅವಳೂ ನಾನೂ ತುಂಬಾ ನಗುತ್ತೇವೆ, ಅದು ನನಗೆ ಗೊತ್ತು. ಆ ನಗುವಿಗೆ ಪಕ್ಕದ ಕೋಣೆಯಿಂದ ಸುತ್ತಿಗೆ ಹಿಡಿದು ಇಣುಕಿ, ಏನು ಸಮಾಚಾರ ಎಂದು ಕೇಳುವವರು ಮಾತ್ರ ಇರುವುದಿಲ್ಲ.