ತಂಗಿಯ ಮೊದಲ ಕುರ್ಚಿ

ಮೊನ್ನೆ ಕಮ್ಮನಹಳ್ಳಿಯಲ್ಲಿ ಹತ್ತಿದ ಆಟೋದ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದ್ದರು. ಆ ವಾಸನೆಗೆ ಹೊರಮಾವಿನ ನಮ್ಮ ಹಳೆಯ ಶೀಟಿನ ಮನೆ ನೆನಪಾಯಿತು.

ಅಪ್ಪ ಅವ್ವ ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ತಂಗಿ ರೇಣುಕಾಗೆ ಹುಟ್ಟಿನಿಂದಲೇ ತಾನಾಗಿ ಕೂರಲು ಆಗುತ್ತಿರಲಿಲ್ಲ. ಚಾಪೆಯ ಮೇಲೆ ಮಲಗಿ ಮೇಲಿನ ಶೀಟನ್ನೇ ನೋಡುತ್ತಿದ್ದಳು. ನಮ್ಮಂಥವರ ಮನೆಗಳಿಗೆ ಭಾನುವಾರ ಅಕ್ಕಿ, ಔಷಧಿ ಹೊತ್ತು ಬರುತ್ತಿದ್ದ ಸ್ಟೆಲ್ಲಾ ಅಕ್ಕ ಮತ್ತು ಅವರ ಗೆಳತಿಯರು ಒಂದು ದಿನ ಅವಳ ಅಳತೆಗೇ ಮಾಡಿಸಿದ, ಹೊಸ ರೆಕ್ಸಿನ್ ವಾಸನೆಯ ಕುರ್ಚಿ ತಂದರು. ಸೊಂಟಕ್ಕೆ ಬೆಲ್ಟು, ಮುಂದೆ ಹಲಗೆ.

ಮುಂದಿನ ವಾರ ಅವರು ಬಂದಾಗ ಕುರ್ಚಿ ದೇವರ ಪಟದ ಪಕ್ಕದಲ್ಲಿತ್ತು. ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತನ್ನ ಒಳ್ಳೆಯ ಸೀರೆ ಹೊದಿಸಿದ್ದಳು. ತಂಗಿ ಚಾಪೆಯ ಮೇಲೇ ಇದ್ದಳು.

“ಉಣ್ಣಾಗ ಚೆಲ್ಕೋತಾಳ್ರೀ ಅಕ್ಕಾರ. ಹೊಸಾದು, ಹೊಲಸಾಗತೈತಿ,” ಎಂದಳು ಅವ್ವ.

“ಕುರ್ಚೀನ ಕೂರಿಸ್ಬಿಟ್ಟು ಮಗೂನ ಮಲಗಿಸಿದ್ದೀರಲ್ರೀ!” ಎಂದು ಅಕ್ಕ ನಕ್ಕರು. ಸೀರೆ ಮಡಿಸಿಟ್ಟು, ತಂಗಿಯನ್ನು ಕೂರಿಸಿ ಬೆಲ್ಟು ಕಟ್ಟಿ, ಅನ್ನ ಸಾರು ಕಲಸಿ ತಿನ್ನಿಸಿದರು. ಅವಳು ಎಂದಿನಂತೆ ಕೈ ಬೀಸಿದಳು, ಹಲಗೆಯೆಲ್ಲ ಸಾರಾಯಿತು. ಅವ್ವ ಬಟ್ಟೆ ಹಿಡಿದು ಓಡಿ ಬಂದಳು.

“ಬಿಡ್ರೀ, ಈಗ ಹಳೇದಾಯ್ತು. ಇನ್ನು ದಿನಾ ಕೂರಿಸ್ಬಹುದು,” ಎಂದರು ಅಕ್ಕ.

ಅವ್ವ ನಕ್ಕುಬಿಟ್ಟಳು. ತಂಗಿಯ ಗಮನ ನಮ್ಮ ಮೇಲಿರಲಿಲ್ಲ. ಬಾಗಿಲಾಚೆ ಹೋಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಈಗ ಅವಳದು ಮೂರನೆಯ ಕುರ್ಚಿ. ಬಾಗಿಲಲ್ಲಿ ಕೂತು ಓಣಿಯವರನ್ನೆಲ್ಲ ಕರೆದು ಮಾತಾಡಿಸುತ್ತಾಳೆ. ಅವರನ್ನು ಕಂಡು ನಾಚಿ ಒಳಗೆ ಹೋಗುವವಳು ನಾನು.